ರೋಗಿಯ ಕೈಪಟ್ಟಿಯ ಮೇಲಿನ ಗೆರೆಗಳು

ಆಸ್ಪತ್ರೆಯಲ್ಲಿ ಔಷಧವು ವೈದ್ಯನ ಬರಹದಿಂದ ಹೊರಟು ರೋಗಿಯನ್ನು ಸೇರುವವರೆಗೆ ಹಲವರ ಕೈಗಳನ್ನು ದಾಟಬೇಕಾಗುತ್ತದೆ. ವೈದ್ಯನು ಬರೆದುದರಲ್ಲಿ ತಪ್ಪಿದ್ದರೆ ಔಷಧಶಾಲೆಯವರು ಅದನ್ನು ಕಂಡುಹಿಡಿಯಬಹುದು. ಔಷಧಶಾಲೆಯಲ್ಲಿ ತಪ್ಪಾದರೆ ದಾದಿಯು ಗುರುತಿಸಬಹುದು. ದಾದಿಯ ಕೈಯೇ ತಪ್ಪಿದರೆ ತಡೆಯಲು ಆಕೆಯ ಹಿಂದೆ ಯಾರೂ ಇಲ್ಲ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ, ಈ ಐದನ್ನೂ ಪ್ರತಿಯೊಂದು ಮಾತ್ರೆಗೂ ನೋಡಿಕೊಳ್ಳಬೇಕೆಂದು ದಾದಿಯರಿಗೆ ಕಲಿಸುತ್ತಾರೆ. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಮಲಗಿರುವಾಗ, ರಾತ್ರಿಯೆಲ್ಲ ಎಚ್ಚರವಿದ್ದ ಕಣ್ಣುಗಳಿಂದ ಬೆಳಗಿನ ಆರು ಗಂಟೆಗೆ ಈ ಐದನ್ನೂ ನೋಡುವುದು ಹೇಳಿದಷ್ಟು ಸುಲಭವಲ್ಲ. ಈ ಕೆಲಸದಲ್ಲಿ ಆಕೆಗೆ ನೆರವಾಗುವ ಸಾಧನವೊಂದುಂಟು. ಅದು ಏನನ್ನು ಬಲ್ಲುದು, ಏನನ್ನು ಅರಿಯದು ಎಂಬುದನ್ನು ದಾದಿಯು ಏಕೆ ತಿಳಿದಿರಬೇಕೆಂಬುದನ್ನು ಈಗ ನೋಡೋಣ.

ಈ ಸಾಧನದ ಕಲ್ಪನೆಯು ಹೊಳೆದುದು ಒಬ್ಬ ದಾದಿಗೇ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾ ಎಂಬ ಊರಿನಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರದ ಆಸ್ಪತ್ರೆಯೊಂದಿದೆ. ಅಲ್ಲಿ ದಾದಿಯಾಗಿದ್ದ ಸೂ ಕಿನ್ನಿಕ್ ಎಂಬುವರು 1992ರಲ್ಲಿ ಒಮ್ಮೆ ಪ್ರವಾಸ ಹೋಗಿದ್ದಾಗ ಬಾಡಿಗೆಗೆ ಪಡೆದಿದ್ದ ಕಾರನ್ನು ಹಿಂದಿರುಗಿಸಲು ಹೋದರು. ಅಲ್ಲಿನವರು ಕೈಯಲ್ಲಿ ಹಿಡಿದ ಪುಟ್ಟ ಯಂತ್ರದಿಂದ ಕಾರಿನ ಮೇಲಿನ ಗೆರೆಗಳನ್ನು ಓದಿಸಿ ಕ್ಷಣಮಾತ್ರದಲ್ಲಿ ಲೆಕ್ಕ ಮುಗಿಸಿದುದನ್ನು ಕಂಡು, ಕಾರಿಗೆ ಇಷ್ಟು ಮಾಡಬಹುದಾದರೆ ಔಷಧಕ್ಕೇಕೆ ಮಾಡಬಾರದೆಂದು ಅವರು ಯೋಚಿಸಿದರು. ಊರಿಗೆ ಮರಳಿದ ಮೇಲೆ ಔಷಧಶಾಲೆಯವರನ್ನೂ ಗಣಕಯಂತ್ರವನ್ನು ಬಲ್ಲವರನ್ನೂ ಕೂಡಿಕೊಂಡು ಈ ವಿಚಾರವನ್ನು ಕಾರ್ಯರೂಪಕ್ಕೆ ತಂದರು. 1999ರಿಂದಾಚೆಗೆ ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲೆಲ್ಲ ಈ ಪದ್ಧತಿಯು ಹರಡಿತು.

ಬಾರ್‌ಕೋಡೆಂದರೇನು? ಸಾಬೂನಿನ ಪೊಟ್ಟಣದ ಬೆನ್ನಿನಲ್ಲಿ ಒಂದರ ಪಕ್ಕದಲ್ಲೊಂದು ನಿಂತಿರುವ ದಪ್ಪ ಮತ್ತು ತೆಳು ಗೆರೆಗಳನ್ನು ವಾಚಕರೆಲ್ಲರೂ ಕಂಡಿರುತ್ತಾರೆ. ಯಂತ್ರವು ಅವುಗಳ ಮೇಲೆ ಸಾಮಾನ್ಯವಾಗಿ ಕೆಂಪು ಬೆಳಕನ್ನು ಬೀರುತ್ತದೆ. ಕಪ್ಪು ಗೆರೆಯು ಬೆಳಕನ್ನು ನುಂಗುತ್ತದೆ, ನಡುವಿನ ಬಿಳಿಯ ಎಡೆಯು ಹಿಂದಕ್ಕೆ ಅಟ್ಟುತ್ತದೆ. ಹಿಂದಿರುಗಿದ ಬೆಳಕಿನ ಏರಿಳಿತದಿಂದ ಗೆರೆಗಳ ಅಗಲವನ್ನು ಅಳೆದು ಯಂತ್ರವು ಅಂಕಿಗಳನ್ನು ತಿಳಿಯುತ್ತದೆ. (ಗೆರೆಗಳನ್ನು ಬಿಳಿಯ ಕಾಗದದ ಮೇಲೆ ಕೆಂಪು ಮಸಿಯಲ್ಲಿ ಅಚ್ಚು ಮಾಡಿದರೆ ಈ ಯಂತ್ರಕ್ಕೆ ಅವು ಕಾಣವು; ಕೆಂಪು ಬೆಳಕಿನಲ್ಲಿ ಕೆಂಪೂ ಬಿಳಿಯೂ ಒಂದೇ.)

ಯಂತ್ರವು ಓದುವಾಗ ತಪ್ಪಿದರೆ? ಅದಕ್ಕೊಂದು ಸೊಗಸಾದ ಉಪಾಯವಿದೆ. ಅಂಗಡಿಯ ಸರಕಿನ ಮೇಲಿರುವ 13 ಅಂಕಿಗಳಲ್ಲಿ ಕೊನೆಯದು ತಾಳೆಯ ಅಂಕಿ. ಮೊದಲ ಹನ್ನೆರಡು ಅಂಕಿಗಳು 890123456781 ಎಂದಿರಲಿ. 1, 3, 5ನೆಯ ಮುಂತಾದ ಬೆಸಸ್ಥಾನಗಳ ಅಂಕಿಗಳನ್ನು ಕೂಡಿದರೆ 28. ಸಮಸ್ಥಾನಗಳವನ್ನು ಕೂಡಿದರೆ 26, ಇದನ್ನು ಮೂರರಿಂದ ಗುಣಿಸಿದರೆ 78. ಎರಡೂ ಸೇರಿ 106. ಮುಂದಿನ ಹತ್ತರ ಗುಣಕವಾದ 110ಕ್ಕೆ ನಾಲ್ಕು ಕಡಿಮೆ. ಆದುದರಿಂದ ಹದಿಮೂರನೆಯ ಅಂಕಿ 4. ಈಗ ನಡುವಿನ 3 ಎಂಬುದನ್ನು ಯಂತ್ರವು 8 ಎಂದು ಓದಿತೆನ್ನೋಣ. ಮೊತ್ತವು 110ರ ಬದಲು 125 ಆಗುತ್ತದೆ; ಅದು ಸೊನ್ನೆಯಲ್ಲಿ ಕೊನೆಗೊಳ್ಳದ ಕಾರಣ ಯಂತ್ರವು ಒಪ್ಪುವುದಿಲ್ಲ. ಯಾವುದೇ ಒಂದು ಅಂಕಿ ತಪ್ಪಿದರೂ ಹೀಗೆಯೇ ಸಿಕ್ಕಿಬೀಳುತ್ತದೆ. ಮನೆಯಲ್ಲಿರುವ ಪೊಟ್ಟಣವೊಂದನ್ನು ತೆಗೆದುಕೊಂಡು ವಾಚಕರು ಇದನ್ನು ಪರೀಕ್ಷಿಸಬಹುದು. ಆಸ್ಪತ್ರೆಯ ಗೆರೆಗಳಲ್ಲಿ ಲೆಕ್ಕದ ರೀತಿ ಬೇರೆಯಿದ್ದರೂ ಉದ್ದೇಶ ಇದೇ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಸಂಖ್ಯೆಯನ್ನು ಸರಿಯಾಗಿ ಓದಿದೆನೇ ಎಂಬುದನ್ನಷ್ಟೇ ಈ ಗಣಿತವು ಹೇಳಬಲ್ಲುದು. ಆ ಚೀಟಿಯು ಸರಿಯಾದ ಸೀಸೆಯ ಮೇಲೆ ಇದೆಯೇ, ಆ ಪಟ್ಟಿಯು ಸರಿಯಾದ ಮಣಿಕಟ್ಟಿನಲ್ಲಿದೆಯೇ ಎಂಬುದನ್ನು ಹೇಳಲು ಅದಕ್ಕೆ ಸಾಧ್ಯವಿಲ್ಲ.

ಮಂಚದ ಬಳಿ ನಡೆಯುವುದು ಹೀಗೆ. ದಾದಿಯು ಮೊದಲು ರೋಗಿಯ ಕೈಪಟ್ಟಿಯನ್ನು, ಅನಂತರ ಔಷಧದ ಚೀಟಿಯನ್ನು ಯಂತ್ರಕ್ಕೆ ತೋರಿಸುತ್ತಾಳೆ. ಗಣಕಯಂತ್ರವು ವೈದ್ಯನ ಆದೇಶದೊಡನೆ ಎರಡನ್ನೂ ಹೋಲಿಸಿ, ಹೊಂದದಿದ್ದರೆ ಎಚ್ಚರಿಸುತ್ತದೆ; ಹೊಂದಿದರೆ, ಔಷಧ ಕೊಟ್ಟ ವೇಳೆಯನ್ನು ದಾಖಲೆ ಮಾಡಿಕೊಳ್ಳುತ್ತದೆ. ಇದಕ್ಕಾಗಿ ಒಂದೊಂದು ಮಾತ್ರೆಯೂ ತನ್ನದೇ ಚೀಟಿಯುಳ್ಳ ಪೊಟ್ಟಣದಲ್ಲಿರಬೇಕು. ನಮ್ಮ ದೇಶದಲ್ಲಿ 2023ರ ಆಗಸ್ಟ್ 1ರಿಂದ 300 ಹೆಸರಾಂತ ಔಷಧಗಳ ಮೇಲೆ ಬಾರ್‌ಕೋಡನ್ನಾಗಲಿ ಕ್ಯೂಆರ್ ಕೋಡನ್ನಾಗಲಿ ಮುದ್ರಿಸುವುದು ಕಡ್ಡಾಯವಾಗಿದೆ. ಔಷಧವು ಅಸಲೇ ನಕಲಿಯೇ ಎಂದು ತಿಳಿಯಲು ಅದು ಉಪಯುಕ್ತ. ಆದರೆ ಹತ್ತು ಮಾತ್ರೆಗಳ ಸ್ಟ್ರಿಪ್ಪಿಗೆ ಒಂದೇ ಗುರುತಿದ್ದು, ಎರಡು ಮಾತ್ರೆಗಳನ್ನು ಕತ್ತರಿಸಿ ಕೊಟ್ಟರೆ, ಆ ಎರಡು ಹೆಸರಿಲ್ಲದವಾಗುತ್ತವೆ. ಹಾಗಾಗಿ ಬಿಡಿ ಪೊಟ್ಟಣ ಕಟ್ಟುವ ಕೆಲಸವೆಲ್ಲ ಆಸ್ಪತ್ರೆಯ ಔಷಧಶಾಲೆಯ ಮೇಲೆ ಬೀಳುತ್ತದೆ.

ಇಷ್ಟು ಶ್ರಮಕ್ಕೆ ಫಲವುಂಟೆ? ಬಾಸ್ಟನ್ ನಗರದ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಔಷಧ ಕೊಡುವ 14,041 ಸಂದರ್ಭಗಳನ್ನು ಪಕ್ಕದಲ್ಲಿ ನಿಂತು ನೋಡಿ, 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವೇಳೆಯ ತಪ್ಪುಗಳನ್ನು ಬಿಟ್ಟು ಉಳಿದವನ್ನು ಎಣಿಸಿದಾಗ, ಯಂತ್ರವಿಲ್ಲದ ಕಡೆ ನೂರಕ್ಕೆ 11.5 ತಪ್ಪುಗಳು, ಯಂತ್ರವಿದ್ದ ಕಡೆ 6.8. ರೋಗಿಗೆ ಕೇಡಾಗಬಹುದಾಗಿದ್ದ ತಪ್ಪುಗಳು 3.1ರಿಂದ 1.6ಕ್ಕೆ ಇಳಿದಿದ್ದವು. ಲಾಭವು ದೊಡ್ಡದೇ. ಆದರೂ ತಪ್ಪುಗಳು ಪೂರ್ತಿಯಾಗಿ ಅಳಿಯಲಿಲ್ಲವೆಂಬುದನ್ನು ಮರೆಯಲಾಗದು.

ಏಕೆ ಉಳಿಯುತ್ತವೆ? ರಾಸ್ ಕೊಪೆಲ್ ಮತ್ತು ಸಂಗಡಿಗರು ಆಸ್ಪತ್ರೆಗಳಲ್ಲಿ ದಾದಿಯರ ಬೆನ್ನಹಿಂದೆಯೇ ತಿರುಗಿ, 2008ರಲ್ಲಿ ಒಂದು ವರದಿ ಬರೆದರು. ಯಂತ್ರವನ್ನು ಬಳಸಿಯೂ ಅದರ ಕಾವಲನ್ನು ತಪ್ಪಿಸಿಕೊಳ್ಳುವ 15 ಬಗೆಯ ಅಡ್ಡದಾರಿಗಳು ಅವರಿಗೆ ಕಂಡವು. ರೋಗಿಯ ಕೈಪಟ್ಟಿಯ ಇನ್ನೊಂದು ಪ್ರತಿಯನ್ನು ಅಚ್ಚುಮಾಡಿ ಔಷಧದ ಗಾಡಿಗೋ ಬಾಗಿಲ ಚೌಕಟ್ಟಿಗೋ ಅಂಟಿಸಿಟ್ಟು ಅದನ್ನೇ ಓದಿಸುವುದು ಅವುಗಳಲ್ಲೊಂದು. ಗೆರೆಗಳು ಹೊಂದುತ್ತವೆ, ಯಂತ್ರವು ಒಪ್ಪುತ್ತದೆ. ಆದರೆ ಮಂಚದಲ್ಲಿರುವವನು ಯಾರೆಂಬುದನ್ನು ಯಾರೂ ನೋಡಿರುವುದಿಲ್ಲ!

ಇದನ್ನು ಓದಿದೊಡನೆ ದಾದಿಯರನ್ನು ದೂರುವುದು ನಮಗೆ ನ್ಯಾಯವೆನಿಸುವುದಿಲ್ಲ. ಆ ವರದಿಯಲ್ಲಿಯೇ 31 ಕಾರಣಗಳನ್ನು ಎಣಿಸಿದ್ದಾರೆ. ನೆನೆದ ಕೈಪಟ್ಟಿ, ರೋಗಿಯು ಅಗಿದ ಕೈಪಟ್ಟಿ, ಮುದುಡಿದ ಚೀಟಿ, ಬ್ಯಾಟರಿ ಮುಗಿದ ಯಂತ್ರ, ನಡುವೆ ಕಡಿದುಹೋಗುವ ನಿಸ್ತಂತು ಸಂಪರ್ಕ, ಕಾಯಲು ಬಿಡುವಿಲ್ಲದ ತುರ್ತು—ಇವೆಲ್ಲ ಆ ಪಟ್ಟಿಯಲ್ಲಿವೆ. ದುಂಡನೆಯ ಸಣ್ಣ ಸೀಸೆಯ ಸುತ್ತ ಬಾಗಿಹೋದ ಗೆರೆಗಳನ್ನು ಓದಿಸಲು ಮೂರು ಸಲ ಸೋತ ದಾದಿಯು ನಾಲ್ಕನೆಯ ಸಲ ಬೇರೆ ದಾರಿಯನ್ನು ಹುಡುಕಿದರೆ ಆಶ್ಚರ್ಯವೇನು? ಯಂತ್ರವನ್ನು ಕೊಂಡು ತಂದವರು ಒಂದು ಬೆಳಗಿನ ಸರದಿಯಲ್ಲಿ ಆಕೆಯ ಜೊತೆ ನಡೆದು ನೋಡಿದ್ದರೆ ಇವುಗಳಲ್ಲಿ ಹಲವನ್ನು ಮೊದಲೇ ನಿವಾರಿಸಬಹುದಾಗಿತ್ತು.

ಆದುದರಿಂದ, ಯಾವ ಗುಂಡಿಯನ್ನು ಒತ್ತಬೇಕೆಂದು ಕಲಿಸಿದರೆ ದಾದಿಯ ಶಿಕ್ಷಣವು ಮುಗಿಯಿತೆನ್ನುವಂತಿಲ್ಲ. ಯಂತ್ರವು ಹೋಲಿಸುವುದು ಎರಡು ಸಂಖ್ಯೆಗಳನ್ನು, ಮನುಷ್ಯರನ್ನಲ್ಲ ಎಂಬುದನ್ನು ಅರಿತ ದಾದಿಗೆ, ಓದಲಾಗದ ಕೈಪಟ್ಟಿಯು ಎದುರಾದಾಗ ಏನು ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಆಕೆ "ನೀವು ರಾಮಣ್ಣನವರೇ?" ಎಂದು ಕೇಳುವುದಿಲ್ಲ, ಜ್ವರದ ಮಂಪರಿನಲ್ಲಿರುವವನು ಯಾವ ಹೆಸರಿಗೂ ಹೂಂಗುಟ್ಟಿಯಾನು. "ನಿಮ್ಮ ಹೆಸರೇನು, ಹುಟ್ಟಿದ ದಿನ ಯಾವುದು?" ಎಂದು ಕೇಳಿ, ಉತ್ತರವನ್ನು ದಾಖಲೆಯೊಡನೆ ತಾಳೆ ನೋಡುತ್ತಾಳೆ. ರೋಗಿಗೆ ಮಾತು ಬಾರದ ಸ್ಥಿತಿಯಿದ್ದರೆ, ಅವನನ್ನು ಬಲ್ಲ ಮನೆಯವರನ್ನು ಕೇಳುತ್ತಾಳೆ. ಅನಂತರ ಹೊಸ ಪಟ್ಟಿಯನ್ನು ಅಚ್ಚು ಮಾಡಿಸಿ ತಂದು, ಹಳೆಯದನ್ನು ಕತ್ತರಿಸಿ ತೆಗೆದು, ಹೊಸದನ್ನು ಅವನ ಮಣಿಕಟ್ಟಿಗೇ ಕಟ್ಟಿ, ಆಮೇಲೆ ಯಂತ್ರವನ್ನು ಕೈಗೆತ್ತಿಕೊಳ್ಳುತ್ತಾಳೆ.