ಎಲೆಯ ಮೇಲೆ ಕೂತ ಆಕಾಶ

ಶಿಶಿರದಲ್ಲಿ ಎಲೆಗಳ ಫೋಟೋ ತೆಗೆಯುವವರೆಲ್ಲರ ದೂರು ಒಂದೇ. ಕಣ್ಣಿಗೆ ಕಂಡ ಕೆಂಪು ಫೋಟೋದಲ್ಲಿ ಬರಲಿಲ್ಲ, ಮಂಕಾಯಿತು, ಬಿಳಿಚಿಕೊಂಡಿತು ಅಂತ. ರಸ್ತೆ ಬದಿಯ ಬಾದಾಮಿ ಮರ ಇಟ್ಟಿಗೆಗೆಂಪು ತಿರುಗಿ ಎಲೆ ಉದುರಿಸುವ ಕಾಲ, ಹೊಳೆದಾಸವಾಳದ ಎಲೆ ತಾಮ್ರದ ಬಣ್ಣಕ್ಕೆ ಬರುವ ಕಾಲ ಅದು. ಅವನ್ನು ಫೋನಿನಲ್ಲೋ ಕ್ಯಾಮೆರಾದಲ್ಲೋ ಹಿಡಿದು, ಮನೆಗೆ ಬಂದು ಸ್ಯಾಚುರೇಷನ್ ಏರಿಸುವುದು ಎಲ್ಲರೂ ಮಾಡುವ ಕೆಲಸ. ಬಹುಕಾಲ ಎಲೆಗಳ ಹಿಂದೆಯೇ ಅಲೆದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಫೋಟೋದಲ್ಲಿ ಬಣ್ಣ ಕಡಿಮೆ ಬಿದ್ದಿರುವುದಿಲ್ಲ. ಬಣ್ಣದ ಮೇಲೆ ಆಕಾಶದ ಬೆಳಕು ಕೂತಿರುತ್ತದೆ. ಆ ಹೊಳಪನ್ನು ಕ್ಲಿಕ್ಕಿಸುವ ಮೊದಲೇ ತೆಗೆಯಬೇಕು. ಆಮೇಲೆ ಎಷ್ಟು ಬಣ್ಣ ತುಂಬಿದರೂ ಅದು ಹೋಗುವುದಿಲ್ಲ. ಕಾಡಿನ ಒಳಗಿನ, ಕೆರೆ ಬದಿಯ ಪ್ರಶಾಂತ ದೃಶ್ಯಗಳು ಫೋಟೋದಲ್ಲಿ ಗದ್ದಲವಾಗಿ ಕಾಣುವುದಕ್ಕೂ ಬಹುಪಾಲು ಇದೇ ಕಾರಣ.

ಎಲೆಯಿಂದ ಕ್ಯಾಮೆರಾಗೆ ಬರುವ ಬೆಳಕಿನಲ್ಲಿ ಎರಡು ಪಾಲು ಇರುತ್ತವೆ. ಒಂದು ಪಾಲು ಎಲೆಯ ಮೇಲಿನ ಮೇಣದ ಪದರಕ್ಕೆ ತಾಗಿ ಹಾಗೇ ವಾಪಸಾಗುತ್ತದೆ. ಅದು ಎಲೆಯ ಒಳಗೆ ಹೋಗಿಯೇ ಇರುವುದಿಲ್ಲ, ಹಾಗಾಗಿ ಅದರ ಬಣ್ಣ ಬಿಸಿಲಿನದು ಅಥವಾ ಆಕಾಶದ್ದು. ಇನ್ನೊಂದು ಪಾಲು ಒಳಗೆ ಹೊಕ್ಕು, ಅಲ್ಲಿನ ವರ್ಣದ್ರವ್ಯಗಳು ತಮಗೆ ಬೇಕಾದ್ದನ್ನು ಹೀರಿಕೊಂಡ ಮೇಲೆ ಉಳಿದು ಹೊರಬರುತ್ತದೆ. ಎಲೆಯ ಬಣ್ಣ ಅಂದರೆ ಈ ಎರಡನೆಯದೊಂದೇ. ಉದುರಿದ ಬಾದಾಮಿ ಎಲೆಯೊಂದನ್ನು ಬಯಲಲ್ಲಿ ಕೈಯಲ್ಲಿ ಹಿಡಿದು ನಿಧಾನಕ್ಕೆ ವಾಲಿಸಿ ನೋಡಿದರೆ ಇದು ಕಣ್ಣೆದುರೇ ತಿಳಿಯುತ್ತದೆ. ಒಂದು ಕೋನದಲ್ಲಿ ಇಡೀ ಎಲೆಯ ಮೇಲೆ ಬಿಳಿಚಾದ ಪೊರೆ ಹಬ್ಬಿ, ಕೆಂಪು ಅದರ ಹಿಂದೆಲ್ಲೋ ಇರುತ್ತದೆ. ತುಸು ತಿರುಗಿಸಿದರೆ ಪೊರೆ ಜಾರಿ ಇಟ್ಟಿಗೆಗೆಂಪು ಎದ್ದು ಬರುತ್ತದೆ, ಹಳದಿ ನರಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ನಡುನರದ ಪಕ್ಕದಲ್ಲಿ ಇನ್ನೂ ಉಳಿದಿದ್ದ ಹಸಿರಿನ ಮಚ್ಚೆ ಕೂಡ ಕಾಣುತ್ತದೆ. ಮಗುಚಿ ಹಿಡಿದರೆ ಹಿಂಬದಿ ಅಷ್ಟು ಹೊಳೆಯುವುದೇ ಇಲ್ಲ. ನೆಲದ ಮೇಲೆ ಬೋರಲು ಬಿದ್ದ ಎಲೆಗಳು ಫೋಟೋದಲ್ಲಿ ಹೆಚ್ಚು ಹದವಾಗಿ ಬರುವುದು ಅದಕ್ಕೇ.

ಈ ಪೊರೆಯನ್ನು ತೆಗೆಯುವ ಉಪಾಯ ಹಳೆಯದು, ಮತ್ತು ಅದಕ್ಕೆ ಒಂದು ದೊಡ್ಡ ಚರಿತ್ರೆಯಿದೆ. ಸಮುದ್ರದ ಕಡುನೀಲಿ ನೀರಿನದಲ್ಲ, ಅದು ಆಕಾಶದ ಪ್ರತಿಫಲನ ಅಷ್ಟೇ ಎಂದು ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಹೇಳಿದ್ದರು. 1921ರಲ್ಲಿ ಇಂಗ್ಲೆಂಡಿನಿಂದ ನಾರ್ಕುಂಡಾ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಅದನ್ನು ಒಪ್ಪಲಿಲ್ಲ. ಡೆಕ್ಕಿನ ಮೇಲೆ ನಿಂತು, ನೀರಿನ ಮೇಲ್ಮೈಯಿಂದ ಬರುವ ಪ್ರತಿಫಲನವನ್ನು ನಿಕೋಲ್ ಪಟ್ಟಕದಿಂದ ತಡೆದು ನೋಡಿದರು. ಆಕಾಶದ ಪಾಲು ಹೋದ ಮೇಲೂ ನೀಲಿ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಇನ್ನೂ ಗಾಢವಾಯಿತು. ಅವರ ಆ ಪಟ್ಟಕ ಮಾಡಿದ್ದೂ, ಇವತ್ತು ಲೆನ್ಸಿನ ಮುಂದೆ ತಿರುಗಿಸುವ ಪೋಲರೈಸರ್ ಫಿಲ್ಟರ್ ಮಾಡುವುದೂ ಒಂದೇ ಕೆಲಸ. ನುಣುಪಾದ ಮೈಯಿಂದ ಓರೆಯಾಗಿ ಪುಟಿದ ಬೆಳಕಿನ ಕಂಪನ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿರುತ್ತದೆ ಎಂಬುದನ್ನು 1808ರಲ್ಲಿ ಭೌತವಿಜ್ಞಾನಿ ಮಾಲುಸ್ ಕಂಡಿದ್ದ. ಅದು ಯಾವ ಕೋನದಲ್ಲಿ ಪೂರ್ಣವಾಗುತ್ತದೆ ಎಂಬ ನಿಯಮವನ್ನು 1815ರಲ್ಲಿ ಬ್ರೂಸ್ಟರ್ ಕೊಟ್ಟ. ಎಲೆಯ ಮೇಣಕ್ಕೆ ಆ ಕೋನ ಲಂಬದಿಂದ ಸುಮಾರು 55 ಡಿಗ್ರಿ. ಎಲೆಯ ಒಳಗೆ ಚದುರಿ ಹೊರಬಂದ ಬಣ್ಣದ ಬೆಳಕಿಗೆ ಅಂಥ ದಿಕ್ಕಿಲ್ಲ. ಹಾಗಾಗಿ ಫಿಲ್ಟರ್ ಹೊಳಪನ್ನು ತಡೆದು ಬಣ್ಣವನ್ನು ಬಿಡುತ್ತದೆ. ಮರದ ಎಲೆಗಳು ದಿಕ್ಕಿಗೊಂದು ಮುಖ ಮಾಡಿರುವುದರಿಂದ ಎಲ್ಲದರ ಹೊಳಪೂ ಒಮ್ಮೆಗೇ ಹೋಗುವುದಿಲ್ಲ. ಆದರೂ ಮುಕ್ಕಾಲು ಮರ ಬದಲಾದರೂ ಸಾಕು.

ಇದನ್ನು ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದಲ್ಲ ಎನ್ನುವುದು ಮೊದಲು ಬರುವ ಆಕ್ಷೇಪ. ಆಗುವುದಿಲ್ಲ, ಅದಕ್ಕೆ ಲೆಕ್ಕವೂ ಇದೆ. ಸ್ಯಾಚುರೇಷನ್ ಏರಿಸುವುದೆಂದರೆ ಕೆಂಪು, ಹಸಿರು, ನೀಲಿ ಮೂರರ ನಡುವೆ ಈಗಾಗಲೇ ಇರುವ ವ್ಯತ್ಯಾಸವನ್ನು ಹಿಗ್ಗಿಸುವುದು. ಹೊಳಪು ಮೂರಕ್ಕೂ ಹೆಚ್ಚುಕಡಿಮೆ ಸಮವಾಗಿ ಬೆಳಕು ಸುರಿದು ಆ ವ್ಯತ್ಯಾಸವನ್ನು ಸಣ್ಣದು ಮಾಡಿರುತ್ತದೆ, ಬಿಳಿ ಹೊಡೆದ ಕಡೆ ಅಳಿಸಿಯೇ ಹಾಕಿರುತ್ತದೆ. ಇಲ್ಲದ್ದನ್ನು ಹಿಗ್ಗಿಸಿದರೆ ಏನೂ ಸಿಗುವುದಿಲ್ಲ. ನೆರಳಿನಲ್ಲಿ ಎಲೆಯ ಮೇಲೆ ಬಿದ್ದಿರುವುದು ನೀಲಿ ಆಕಾಶವಾದರೆ ಹಿಗ್ಗುವುದು ಆ ನೀಲಿಯೇ, ಆಗ ಕೆಂಪೆಲೆಯ ಅಂಚು ನೇರಳೆಯಾಗಿ ನಿಲ್ಲುತ್ತದೆ. ಇನ್ನೂ ಒಂದು ಅಪಾಯವಿದೆ. ಫಾಲ್ಗುಣದ ಹೊತ್ತಿಗೆ ಸಾಗಡೆ ಮರದ ಹೊಸ ಚಿಗುರು ಬೆಂಕಿಗೆಂಪಾಗಿರುತ್ತದೆ. ಅಂಥ ಬಣ್ಣವನ್ನು ಹಿಡಿಯುವಾಗ ಕ್ಯಾಮೆರಾದ ಕೆಂಪು ಚಾನೆಲ್ ಉಳಿದೆರಡಕ್ಕಿಂತ ಮೊದಲೇ ತುಂಬಿಹೋಗುತ್ತದೆ. ಒಟ್ಟು ಹಿಸ್ಟೋಗ್ರಾಮ್ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಚಿಗುರಿನ ನರಗಳು ಮಾತ್ರ ಮಾಯವಾಗಿರುತ್ತವೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಬೇರೆ ಬೇರೆಯಾಗಿ ನೋಡಿ, ಎಕ್ಸ್‌ಪೋಶರನ್ನು ತುಸು ಇಳಿಸಿಕೊಳ್ಳುವುದು ಕೆಂಪೆಲೆಗೆ ಅನಿವಾರ್ಯ. ಮೇಲಿಂದ ಸ್ಯಾಚುರೇಷನ್ ಏರಿಸಿದರೆ ಅಳಿದುಳಿದ ವಿವರವೂ ಹೋಗಿ ಬಣ್ಣದ ಮುದ್ದೆ ಉಳಿಯುತ್ತದೆ.

ಮೋಡದ ದಿನ ಹೋದರೆ ಸಾಕು, ಫಿಲ್ಟರ್ ಯಾಕೆ ಎಂದು ಕೇಳುವವರಿದ್ದಾರೆ. ಮೋಡ ಬಿಸಿಲು-ನೆರಳಿನ ಜಗಳವನ್ನು ತಣಿಸುತ್ತದೆ, ನಿಜ. ಆದರೆ ಹೊಳಪಿನ ಮಟ್ಟಿಗೆ ಅದು ಸಹಾಯ ಮಾಡುವುದಿಲ್ಲ. ಬಿಸಿಲಿನಲ್ಲಿ ಸೂರ್ಯನ ಹೊಳಪು ಅಲ್ಲಲ್ಲಿ ಚುಕ್ಕೆಯಾಗಿ ಬೀಳುತ್ತಿತ್ತು, ಮೋಡದಲ್ಲಿ ಇಡೀ ಆಕಾಶವೇ ದೀಪವಾಗಿ ಎಲ್ಲ ಎಲೆಗಳ ಮೇಲೂ ತೆಳ್ಳಗೆ ಹರಡುತ್ತದೆ. ಗಾಜು ಹಾಕಿಸಿದ ಗೋಡೆಯ ಫೋಟೋದ ಮೇಲೆ ಟ್ಯೂಬ್‌ಲೈಟ್ ಬೀಳುವ ಹಾಗೆ. ಫಿಲ್ಟರಿನ ಅಗತ್ಯ ಮೋಡದಲ್ಲೇ ಹೆಚ್ಚು ಎಂದು ನಾನು ಹೇಳುವುದು ಅದಕ್ಕೆ. ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ನಮ್ಮ ಎಲೆಯುದುರುವ ಕಾಡುಗಳಲ್ಲಿ ಮರ ಎಲೆ ಉದುರಿಸುವುದು ಬೇಸಿಗೆಗೆ ಮುಂಚೆ ನೀರು ಉಳಿಸಿಕೊಳ್ಳಲಿಕ್ಕೆ. ಹಾಗಾಗಿ ನಮ್ಮ ಎಲೆಗಳ ಕಾಲ ಒಣ ಕಾಲ, ಧೂಳಿನ ಕಾಲ. ಧೂಳು ಚದುರಿಸಿದ ಬೆಳಕಿನ ಮೇಲೆ ಪೋಲರೈಸರ್ ಆಟ ನಡೆಯುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಕಾಯುವ ಹೂಮಳೆ ಒಂದು ಸುತ್ತು ಬಿದ್ದರೆ ಎಲೆ ತೊಳೆದು ಬರುತ್ತದೆ. ಒದ್ದೆ ಎಲೆ ಒಣಗಿದ್ದಕ್ಕಿಂತ ಹೆಚ್ಚು ಹೊಳೆಯುತ್ತದೆ, ಆದರೆ ಆ ಹೊಳಪು ಫಿಲ್ಟರಿಗೆ ಬಗ್ಗುವಂಥದು. ಅದನ್ನು ತೆಗೆದ ಮೇಲೆ ಕಾಣುವ ಬಣ್ಣದ ಆಳ ಬೇರೆ ಯಾವ ದಿನವೂ ಸಿಗುವುದಿಲ್ಲ. ಫಿಲ್ಟರ್ ಇಲ್ಲದವರಿಗೂ ದಾರಿಯಿದೆ. ಸೂರ್ಯ ಎಲೆಯ ಹಿಂದಿರುವಂತೆ ನಿಂತರೆ ಕ್ಯಾಮೆರಾಗೆ ಬರುವುದು ಎಲೆಯೊಳಗಿಂದ ಸೋಸಿಬಂದ ಬೆಳಕು. ಅದರಲ್ಲಿ ಮೇಲ್ಮೈಯ ಪಾಲು ಬಲು ಕಡಿಮೆ. ಅರಳಿ, ಮಾವು, ನಾಗಸಂಪಿಗೆಯ ತೆಳು ಚಿಗುರಿಗೆ ಇದೇ ಸರಿಯಾದ ಕ್ರಮ. ಫೋನಿನ ಮುಂದೆ ಪೋಲರಾಯ್ಡ್ ತಂಪು ಕನ್ನಡಕದ ಗಾಜನ್ನು ಹಿಡಿದು ತಿರುಗಿಸಿದರೂ ಕೆಲಸ ಆಗುತ್ತದೆ, ಅದರ ಬಣ್ಣ ಫೋಟೋಗೆ ಅಂಟುವುದನ್ನು ಆಮೇಲೆ ಸರಿಪಡಿಸಿಕೊಳ್ಳಬೇಕಷ್ಟೆ.

ಪೋಲರೈಸರ್ ಬೆಳಕನ್ನು ತಿನ್ನುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಂದೂವರೆಯಿಂದ ಎರಡು ಸ್ಟಾಪ್ ಹೋಗುತ್ತದೆ, ಅಂದರೆ ಸೆನ್ಸರಿಗೆ ತಲುಪುವುದು ಮೂರನೇ ಒಂದರಿಂದ ಕಾಲು ಪಾಲು. ಮರದಡಿಯ ಮಬ್ಬಿನಲ್ಲಿ ಶಟರ್ ನಿಧಾನವಾಗುತ್ತದೆ, ಎಲೆ ಅಲುಗುತ್ತದೆ. ಅರಳಿಯ ತೊಟ್ಟು ಉದ್ದ, ಬಳುಕು ಜಾಸ್ತಿ. ಬೇರೆ ಮರಗಳೆಲ್ಲ ಸುಮ್ಮನಿರುವಾಗಲೂ ಅದು ಆಡುತ್ತಿರುತ್ತದೆ. ಟ್ರೈಪಾಡ್ ಕ್ಯಾಮೆರಾವನ್ನು ನಿಲ್ಲಿಸೀತು, ಎಲೆಯನ್ನಲ್ಲ. ಹಲವು ಫ್ರೇಮ್ ಸೇರಿಸಿ ಒಂದು ಮಾಡುವ ಫೋನುಗಳಲ್ಲಿ ಆಡುವ ಎಲೆ ಕಲಸಿಹೋಗುತ್ತದೆ. ಇದಕ್ಕೆ ಉತ್ತರ ಹೊತ್ತಿನ ಆಯ್ಕೆ. ಬೆಳಗ್ಗೆ ನೆಲ ಕಾಯುವ ಮೊದಲು ಗಾಳಿ ಸಾಮಾನ್ಯವಾಗಿ ನಿಂತಿರುತ್ತದೆ. ಆಗ ಐಎಸ್‌ಒ ತುಸು ಏರಿಸಿ ಕೆಲಸ ಮುಗಿಸಬೇಕು. ಸಣ್ಣ ಚುಕ್ಕೆ ಚುಕ್ಕೆಯ ನಾಯ್ಸ್ ಇರುವ ಕೆಂಪನ್ನು ನಾನು ಒಪ್ಪುತ್ತೇನೆ, ಬಿಳಿಚಿದ ಕೆಂಪನ್ನು ಒಪ್ಪಲಾರೆ.  

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಸತ್ಯದ್ದು. ಹೊಂಗೆಯ ಎಲೆ ಹೊಳೆಯುವುದೇ ಅದರ ಸ್ವಭಾವ, ಅದನ್ನು ತೆಗೆದರೆ ಅದು ಹೊಂಗೆಯೇ ಅಲ್ಲ ಎಂದು. ಒಪ್ಪುತ್ತೇನೆ. ಯುಗಾದಿಯ ಮುಂಚಿನ ಹೊಂಗೆಯನ್ನು ಪೂರ್ತಿ ಹೊಳಪಿಲ್ಲದೆ ತೋರಿಸಿದರೆ ಅದು ಬಣ್ಣ ಬಳಿದ ಕಾಗದದಂತೆ ಕಾಣುತ್ತದೆ. ಆದರೆ ಫಿಲ್ಟರ್ ತಿರುಗುವಂಥದು. ಪೂರ್ತಿ ತಡೆಯುವ ಜಾಗದಿಂದ ತುಸು ಹಿಂದಕ್ಕೆ ಬಂದರೆ, ಎಲೆಯ ಉಬ್ಬಿನ ಮೇಲೆ ಮಾತ್ರ ಒಂದು ಬೆಳಕಿನ ಗೆರೆ ಉಳಿದು ಅದರ ನುಣುಪನ್ನು ಹೇಳುತ್ತದೆ. ಎಷ್ಟು ಉಳಿಸಬೇಕೆಂಬುದು ಛಾಯಾಗ್ರಾಹಕನ ವಿವೇಚನೆ. ಏನೂ ಯೋಚಿಸದೆ ಬಿಟ್ಟ ಹೊಳಪಿಗೆ ಸತ್ಯ ಎಂಬ ಹೆಸರು ಕೊಡುವುದು ಸರಿಯಲ್ಲ. ಸ್ಥಳದಲ್ಲಿ ನಿಂತ ನಮ್ಮ ಕಣ್ಣು ಎರಡು ಕೋನದಿಂದ, ತಲೆ ಅಲುಗಿಸುತ್ತ ನೋಡಿ ಹೊಳಪನ್ನೂ ಬಣ್ಣವನ್ನೂ ಬೇರೆ ಮಾಡಿಕೊಳ್ಳುತ್ತದೆ. ಒಂದೇ ಕಡೆ ನಿಂತ ಕ್ಯಾಮೆರಾಗೆ ಆ ಅವಕಾಶವಿಲ್ಲ. ಪ್ರಶಾಂತ ದೃಶ್ಯದ ಮಾತು ಬರುವುದೂ ಇಲ್ಲೇ. ಫೋಟೋ ನೋಡುವವರ ಕಣ್ಣು ಮೊದಲು ಓಡುವುದು ಅತಿ ಬೆಳಗಿರುವ ಜಾಗಕ್ಕೆ. ನೂರು ಎಲೆಗಳ ಮೇಲೆ ನೂರು ಬಿಳಿ ಚುಕ್ಕೆಗಳಿದ್ದರೆ ಕಣ್ಣು ಎಲ್ಲೂ ನಿಲ್ಲದೆ ತಡಕಾಡುತ್ತದೆ. ಕೊಂಬೆಗಳ ಸಂದಿನಲ್ಲಿ ಇಣುಕುವ ಆಕಾಶದ ತುಣುಕೂ ಇದೇ ತಂಟೆ ಮಾಡುತ್ತದೆ, ಅದಕ್ಕೆ ಫಿಲ್ಟರ್ ಸಾಲದು, ಫ್ರೇಮಿನಿಂದಲೇ ಹೊರಗಿಡಬೇಕು. ಅಮೆರಿಕದ ಛಾಯಾಗ್ರಾಹಕ ಎಲಿಯಟ್ ಪೋರ್ಟರ್ 1962ರಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಸ್ಥೆ ಪ್ರಕಟಿಸಿದ ತನ್ನ ಬಣ್ಣದ ಫೋಟೋಗಳ ಪುಸ್ತಕದಲ್ಲಿ ಮಾಡಿದ್ದು ಇದನ್ನೇ. ಅವನ ಎಲೆ, ತೊರೆ, ಬಂಡೆಗಳ ಚಿತ್ರಗಳಲ್ಲಿ ಆಕಾಶ ಅಪರೂಪ, ಬೆಳಕು ಮೆತ್ತಗೆ. 1979ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವನ ಅಂಥ ಚಿತ್ರಗಳದ್ದೇ ಪ್ರದರ್ಶನ ನಡೆಸಿತು. ಮೌನ ಎಂಬುದು ಆ ಚಿತ್ರಗಳಲ್ಲಿ ತಾನಾಗಿ ಬಂದು ಕೂತಿಲ್ಲ. ಬೇಡದ ಬೆಳಕನ್ನೆಲ್ಲ ಅವನು ಹೊರಗೆ ನಿಲ್ಲಿಸಿದ್ದರಿಂದ ಅದಕ್ಕೆ ಜಾಗವಾಗಿದೆ.

ನನ್ನ ವಾದ ನಿಲ್ಲದ ಜಾಗ ನೀರು. ಲಾಲ್‌ಬಾಗಿನ ಕೆರೆಯಂಚಿನಲ್ಲೋ ಮಲೆನಾಡಿನ ಹಳ್ಳದ ಮಡುವಿನಲ್ಲೋ ಬೋಳು ಕೊಂಬೆಗಳ ಬಿಂಬ ಬಿದ್ದಿದ್ದರೆ ಆ ಪ್ರತಿಫಲನವೇ ಚಿತ್ರ. ಅಲ್ಲಿ ಫಿಲ್ಟರ್ ಬಿಚ್ಚಿಡಬೇಕು. ತಿಳಿನೀರಿನ ತಳದಲ್ಲಿ ಉದುರಿದ ಎಲೆಗಳು ಕೂತಿದ್ದರೆ ಮತ್ತೆ ಹಾಕಿಕೊಂಡು, ನೀರಿನ ಮೈಗೆ ಮೂವತ್ತೇಳು ಡಿಗ್ರಿಯ ಆಸುಪಾಸಿನಲ್ಲಿ ಕ್ಯಾಮೆರಾ ಬಗ್ಗಿಸಿದರೆ ಬಿಂಬ ಅಳಿದು ತಳ ಕಾಣುತ್ತದೆ. ಎರಡೂ ಬೇಕೆನಿಸಿದರೆ ಎರಡು ಫೋಟೋ ತೆಗೆಯುವುದು ವಾಸಿ. ನಡುವೆ ಎಲ್ಲೋ ರಿಂಗ್ ನಿಲ್ಲಿಸಿದರೆ ಕೊಂಬೆಗಳೂ ಸವಕಲಾಗುತ್ತವೆ, ತಳದ ಎಲೆಗಳೂ ಅರೆಮಸುಕಾಗುತ್ತವೆ.