ಕಾಗದವಿಲ್ಲದ ಕಡತದಲ್ಲಿ ನಿಮ್ಮ ಬೆಳೆ ಸರಿಯಾಗಿದೆಯೇ?

ತುಮಕೂರು ಜಿಲ್ಲೆಯ ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳಲ್ಲಿ ರಾಗಿ, ತೆಂಗು ಮುಖ್ಯ ಬೆಳೆಗಳು. ಎಳೆಯ ತೆಂಗಿನ ಸಾಲುಗಳ ನಡುವೆ ರಾಗಿ, ಹುರುಳಿ ಬಿತ್ತುವುದೂ ರಾಗಿ ಹೊಲದಲ್ಲಿ ಅವರೆಯ ಅಕ್ಕಡಿ ಸಾಲು ಇಡುವುದೂ ಇಲ್ಲಿಯ ರೂಢಿ. ಹೊಲದಲ್ಲಿರುವ ಬೆಳೆಯೆಲ್ಲವೂ ಸರ್ಕಾರದ ದಾಖಲೆಯಲ್ಲಿಯೂ ಇದೆಯೇ ಎಂಬುದನ್ನು ರೈತ ಬಾಂಧವರು ಬಿತ್ತನೆಯಷ್ಟೇ ಎಚ್ಚರಿಕೆಯಿಂದ ನೋಡಿಕೊಳ್ಳುವುದು ಅವಶ್ಯಕ.

ಪುಸ್ತಕದಿಂದ ಗಣಕಯಂತ್ರಕ್ಕೆ

ಹಿಂದೆ ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದರು. 2000ದ ಸುಮಾರಿಗೆ ಜಾರಿಗೆ ಬಂದ ‘ಭೂಮಿ’ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ದೊರೆಯುತ್ತಿತ್ತು. ಅನಂತರ ‘ಫ್ರೂಟ್ಸ್’ ವ್ಯವಸ್ಥೆಯಲ್ಲಿ ಪ್ರತಿ ರೈತನಿಗೂ ಒಂದು ಗುರುತಿನ ಸಂಖ್ಯೆ, ಅಂದರೆ ಎಫ್.ಐ.ಡಿ., ಬಂದಿತು. 2020ರ ಮುಂಗಾರಿನಲ್ಲಿ ರೈತರೇ ಮೊಬೈಲಿನಿಂದ ಬೆಳೆಯ ಚಿತ್ರ ತೆಗೆದು ಸಮೀಕ್ಷೆಗೆ ಸೇರಿಸುವ ಅವಕಾಶವಾಯಿತು. ಬೆಂಬಲ ಬೆಲೆಯ ರಾಗಿ ಖರೀದಿ, ಬೆಳೆನಷ್ಟ ಪರಿಹಾರ, ಬೆಳೆ ವಿಮೆ ಇವುಗಳಿಗೆಲ್ಲ ಈ ದಾಖಲೆಗಳೇ ಆಧಾರ.

ತಪ್ಪು ಎಲ್ಲಿ ನುಸುಳುತ್ತದೆ?

ಒಬ್ಬ ರೈತರಿಗೆ ಎರಡು ಎಕರೆ ತೆಂಗಿನ ತೋಟವಿದೆ, ಸಾಲುಗಳ ನಡುವೆ ರಾಗಿ ಬೆಳೆದಿದ್ದಾರೆ ಎಂದು ಭಾವಿಸೋಣ. ಸಮೀಕ್ಷೆಯವರು ಬದುವಿನ ಮೇಲೆ ನಿಂತು ಚಿತ್ರ ತೆಗೆದರೆ ಕಾಣುವುದು ತೆಂಗು ಮಾತ್ರ. ದಾಖಲೆಯಲ್ಲಿ ‘ತೆಂಗು’ ಎಂದಷ್ಟೇ ಸೇರುತ್ತದೆ. ಸುಗ್ಗಿಯ ನಂತರ ಅವರು ರಾಗಿ ಚೀಲಗಳೊಡನೆ ಖರೀದಿ ಕೇಂದ್ರಕ್ಕೆ ಹೋದಾಗ, ಕಡತದಲ್ಲಿ ರಾಗಿಯೇ ಇರುವುದಿಲ್ಲ. ಆಗ ಹೊಲದಲ್ಲಿ ತೋರಿಸಲು ಕೂಳೆಯ ಹೊರತು ಬೇರೇನೂ ಉಳಿದಿರುವುದಿಲ್ಲ.

ರೈತರು ಅನುಸರಿಸಬೇಕಾದ ಕ್ರಮಗಳು

1. ಪಹಣಿಯ 9ನೆಯ ಕಲಂನಲ್ಲಿ ಹೆಸರು, ವಿಸ್ತೀರ್ಣ. 11ರಲ್ಲಿ ಸಾಲ ಮತ್ತು ಇತರ ಋಣ. 12ರಲ್ಲಿ ಸಾಗುವಳಿ ಮತ್ತು ಬೆಳೆಯ ವಿವರ ಇರುತ್ತವೆ. ಈ ಮೂರನ್ನೂ ಓದಿ ನೋಡಿರಿ. ತೀರಿಸಿದ ಸಾಲ 11ರಲ್ಲಿ ಉಳಿದಿದ್ದರೆ ತೆಗೆಸಿರಿ.

2. ಜಮೀನು ತೀರಿಹೋದ ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಇದ್ದರೆ ಪೌತಿ ಖಾತೆ ಮಾಡಿಸಿರಿ. ಇಲ್ಲವಾದರೆ ಆ ಸರ್ವೆ ನಂಬರನ್ನು ನಿಮ್ಮ ಎಫ್.ಐ.ಡಿ.ಗೆ ಜೋಡಿಸುವುದು ಕಷ್ಟ.

3. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಎಫ್.ಐ.ಡಿ.ಯಲ್ಲಿ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

4. ಸಮೀಕ್ಷೆಯ ಸಮಯದಲ್ಲಿ ಹೊಲದಲ್ಲಿ ಹಾಜರಿರಿ. ಮಿಶ್ರ ಬೆಳೆ ಇದ್ದರೆ ಪ್ರತಿಯೊಂದರ ವಿಸ್ತೀರ್ಣವನ್ನೂ ಎಕರೆ, ಗುಂಟೆಗಳಲ್ಲಿ ಹೇಳಿ ಬರೆಯಿಸಿರಿ.

5. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಿಮ್ಮ ಬೆಳೆಯ ವಿವರ ನೋಡಿ, ತಪ್ಪಿದ್ದರೆ ಬೆಳೆ ಹೊಲದಲ್ಲಿರುವಾಗಲೇ ಆಕ್ಷೇಪಣೆ ಸಲ್ಲಿಸಿರಿ.

6. ಮೊಬೈಲಿಗೆ ಬರುವ ಓ.ಟಿ.ಪಿ.ಯನ್ನು ದೂರವಾಣಿಯಲ್ಲಿ ಕೇಳುವ ಯಾರಿಗೂ ಹೇಳಬೇಡಿರಿ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಮಾತು. ಮೊಬೈಲ್ ಇಲ್ಲದ ವೃದ್ಧರು, ಒಂಟಿಯಾಗಿ ಬೇಸಾಯ ಮಾಡುವ ಮಹಿಳೆಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ರಾಗಿ ತೆನೆ ಬಿಡುವ ಹೊತ್ತಿಗೆ ಒಂದು ಸಂಜೆ ಊರಿನಲ್ಲಿ ಕುಳಿತು ಇಂತಹವರ ವಿವರಗಳನ್ನು ಓದಿ ಹೇಳಿದರೆ ದೊಡ್ಡ ಉಪಕಾರವಾದೀತು.

ಗಣಕಯಂತ್ರವು ತನಗೆ ಕೊಟ್ಟದ್ದನ್ನಷ್ಟೇ ಹೇಳುತ್ತದೆ. ಸರಿಯಾದುದನ್ನು ಕೊಡಿಸುವ ಹೊಣೆ ನಮ್ಮದು. ಆದುದರಿಂದ ಕುಡುಗೋಲು ಹಿಡಿಯುವ ಮೊದಲೇ ದಾಖಲೆಯನ್ನು ನೋಡಿಕೊಳ್ಳಿರಿ.