ಕೆ2 ಶಿಖರ: ಹೊರೆ ಹೊತ್ತವರ ಲೆಕ್ಕ

ಪ್ರಪಂಚದ ಅತಿ ಎತ್ತರದ ಶಿಖರ ಎವರೆಸ್ಟ್ ಎಂದು ನಮಗೆಲ್ಲ ಗೊತ್ತು. ಎರಡನೆಯದು ಕಾರಕೋರಂ ಶ್ರೇಣಿಯ ಕೆ2. ಎತ್ತರ 8,611 ಮೀಟರ್. 1856ರಲ್ಲಿ ಬ್ರಿಟಿಷ್ ಸರ್ವೆ ಅಧಿಕಾರಿ ಮಾಂಟ್ಗೋಮರಿ ದೂರದಿಂದ ಕಂಡ ಶಿಖರಗಳಿಗೆ ಕೆ1, ಕೆ2 ಎಂದು ನಂಬರ್ ಹಾಕಿದರು. ಕೆ ಎಂದರೆ ಕಾರಕೋರಂ. ಕೆ1ಕ್ಕೆ ಮಾಶರ್‌ಬ್ರಮ್ ಎಂಬ ಸ್ಥಳೀಯ ಹೆಸರಿತ್ತು. ಕೆ2 ಯಾವ ಹಳ್ಳಿಗೂ ಕಾಣದಷ್ಟು ಒಳಗಿರುವುದರಿಂದ ನಂಬರೇ ಹೆಸರಾಗಿ ಉಳಿಯಿತು.

1902ರಿಂದ ಹಲವು ತಂಡಗಳು ಪ್ರಯತ್ನಿಸಿ ಸೋತವು. 1939ರಲ್ಲಿ ಮೇಲೆ ಸಿಕ್ಕಿಕೊಂಡಿದ್ದ ಅಮೆರಿಕದ ಡಡ್ಲಿ ವೂಲ್ಫ್ ಅವರನ್ನು ಕರೆತರಲು ಹೋದ ಮೂವರು ಶೆರ್ಪಾಗಳೂ ಮರಳಿ ಬರಲಿಲ್ಲ.

ಕೊನೆಗೆ 1954ರ ಜುಲೈ 31ರಂದು ಇಟಲಿಯ ಕೊಂಪಾನ್ಯೋನಿ ಮತ್ತು ಲಾಚೆದೆಲ್ಲಿ ತುದಿ ಮುಟ್ಟಿದರು. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇಷ್ಟೇ ಇದೆ. ಆದರೆ ಅವರ ಆಕ್ಸಿಜನ್ ಸಿಲಿಂಡರ್‌ಗಳನ್ನು ಹಿಂದಿನ ದಿನ ಮೇಲಕ್ಕೆ ಹೊತ್ತವರು ವಾಲ್ಟರ್ ಬೊನಾಟ್ಟಿ ಮತ್ತು ಹುಂಜಾದ ಅಮೀರ್ ಮೆಹ್ದಿ. ಮೊದಲೇ ಹೇಳಿದ್ದ ಜಾಗದಲ್ಲಿ ಟೆಂಟ್ ಇರಲಿಲ್ಲ. ಇನ್ನೂ ಮೇಲೆ ಹಾಕಿದ್ದರು. ಕತ್ತಲಾಯಿತು. ಸುಮಾರು 8,100 ಮೀಟರ್ ಎತ್ತರದಲ್ಲಿ, ಟೆಂಟ್ ಇಲ್ಲದೆ, ಇಬ್ಬರೂ ಹಿಮದಲ್ಲೇ ರಾತ್ರಿ ಕಳೆದರು. ಸಿಲಿಂಡರ್ ಅಲ್ಲೇ ಬಿಟ್ಟು ಬೆಳಿಗ್ಗೆ ಇಳಿದರು. ಮೆಹ್ದಿ ಕಾಲಿನ ಬೆರಳುಗಳನ್ನು ಕಳೆದುಕೊಂಡರು. ಆ ರಾತ್ರಿಯ ಬಗ್ಗೆ ಬೊನಾಟ್ಟಿ ಹೇಳಿದ್ದೇ ನಿಜವೆಂದು ಇಟಲಿಯ ಆಲ್ಪೈನ್ ಕ್ಲಬ್ ಒಪ್ಪಲು 50 ವರ್ಷಕ್ಕೂ ಹೆಚ್ಚು ಬೇಕಾಯಿತು. ಅಷ್ಟರಲ್ಲಿ ಮೆಹ್ದಿ ತೀರಿಹೋಗಿದ್ದರು.

ಇದನ್ನು ಓದಿದಾಗ ನನಗೆ ನಮ್ಮ ದಾದಾ ನೆನಪಾದರು. ಅವರು ಎಪಿಎಂಸಿ ಯಾರ್ಡಿನಲ್ಲಿ ಹಮಾಲಿಯಾಗಿದ್ದರು. ಅಂಗಡಿಯ ಪಟ್ಟಿಯಲ್ಲಿ ರೈತನ ಹೆಸರಿರುತ್ತದೆ, ವ್ಯಾಪಾರಿಯ ಹೆಸರಿರುತ್ತದೆ. ಚೀಲ ಹೊತ್ತವನಿಗೆ 'ಹಮಾಲಿ' ಎಂದು ಒಂದು ಸಾಲು, ಎದುರಿಗೆ ರೂಪಾಯಿ. ಹೆಸರಿಲ್ಲ. ನಾನು ಮನೆಯಲ್ಲಿ ಮೆಹ್ದಿಯ ಕಥೆಯನ್ನು ಉರ್ದುವಿನಲ್ಲಿ ಹೇಳಿದೆ. ದಾದಾ ಕೇಳಿದ್ದು ಒಂದೇ ಮಾತು: "ಆಮೇಲೆ ಅವನ ಮನೆ ಹೇಗೆ ನಡೆಯಿತು?" ನನ್ನ ಹತ್ತಿರ ಉತ್ತರವಿರಲಿಲ್ಲ.

2021ರ ಜನವರಿ 16ರಂದು ಕೆ2ವನ್ನು ಮೊದಲ ಬಾರಿ ಚಳಿಗಾಲದಲ್ಲಿ ಏರಿದವರು 10 ಮಂದಿ ನೇಪಾಳಿಗಳು. ತುದಿಯ ಸ್ವಲ್ಪ ಕೆಳಗೆ ಒಬ್ಬರಿಗೊಬ್ಬರು ಕಾದು, ಎಲ್ಲರೂ ಒಟ್ಟಿಗೆ ಹೆಜ್ಜೆಯಿಟ್ಟರು. ಯಾರು ಮೊದಲು ಎಂಬ ಪ್ರಶ್ನೆಯೇ ಉಳಿಯಲಿಲ್ಲ.

ಬಿಟ್ಟುಹೋದ ಎಂಟ್ರಿಯನ್ನು ಗೊತ್ತಾದ ಕೂಡಲೇ ಬರೆದು ಲೆಕ್ಕ ಸರಿಪಡಿಸಬೇಕು ಎಂದು ಅಕೌಂಟೆನ್ಸಿಯಲ್ಲಿ ಕಲಿಯುತ್ತೇವೆ. ಸ್ನೇಹಿತರೇ, ನಿಮ್ಮ ಸಾಮಾನ್ಯ ಜ್ಞಾನದ ನೋಟ್ಸಿನಲ್ಲಿ 1954ರ ಎದುರು ಇನ್ನೂ ಎರಡು ಹೆಸರು ಸೇರಿಸಿಕೊಳ್ಳಿ: ವಾಲ್ಟರ್ ಬೊನಾಟ್ಟಿ, ಅಮೀರ್ ಮೆಹ್ದಿ.